ಮೊದಲ ಕಂತಿನ ದಾದಿ

ಕಥಾನಾಯಕನ ಪಕ್ಕದಲ್ಲಿ ನಿಲ್ಲುವ ಪಾತ್ರಗಳಿಗೆ ಇಂಗ್ಲಿಷಿನವರು ಇಟ್ಟ ಹೆಸರಿನಲ್ಲಿ ಆಸರೆಯ ಅರ್ಥ ಇದೆ. ಕನ್ನಡದವರು ಅದನ್ನು ‘ಪೋಷಕ ಪಾತ್ರ’ ಎಂದು ಕರೆದರು. ಈ ಅನುವಾದ ಮಾಡಿದವರು ಯಾರೋ, ಮೂಲಕ್ಕಿಂತ ದೊಡ್ಡ ಮಾತೊಂದನ್ನು ಹೇಳಿಬಿಟ್ಟಿದ್ದಾರೆ. ಪೋಷಿಸುವುದೆಂದರೆ ಬರೀ ಆಧಾರವಾಗಿ ನಿಲ್ಲುವುದಲ್ಲ. ಉಣಿಸುವುದು, ಸಾಕುವುದು, ಬೆಳೆಸುವುದು. ರಾಜ್ಯ ಚಲನಚಿತ್ರ ಪ್ರಶಸ್ತಿಯ ಪಟ್ಟಿಯಲ್ಲಿ ಪೋಷಕ ನಟ, ಪೋಷಕ ನಟಿ ಎಂಬ ಪದಗಳನ್ನು ಓದಿ ಮುಂದೆ ಹೋಗುವ ನಾವು ಆ ಪದ ಏನು ಹೇಳುತ್ತಿದೆ ಎಂದು ಯೋಚಿಸುವುದೇ ಇಲ್ಲ.

ಯೋಚಿಸಬೇಕಾದ ಸಂದರ್ಭ ಈಗ ಬಂದಿದೆ. 2016ರಲ್ಲಿ ಜೀ ಕನ್ನಡ ವಾಹಿನಿಯಲ್ಲಿ ‘ನಾಗಿಣಿ’ ಶುರುವಾಯಿತು. ಹಾವು, ಶಾಪ, ಮಣಿ, ಮರುಜನ್ಮಗಳ ಅದ್ಭುತ ಕಥೆಗಳಿಗೆ ಕನ್ನಡದ ಕಿರುತೆರೆಯಲ್ಲಿ ಮಾರುಕಟ್ಟೆ ಇದೆ ಎಂಬುದು ಎಲ್ಲರಿಗೂ ಗೊತ್ತಾಯಿತು. ಇಂತಹ ಧಾರಾವಾಹಿಯ ಮೊದಲ ಕಂತು ಹೇಗಿರುತ್ತದೆ ಎಂದು ನೋಡುಗರಿಗೆ ಬಾಯಿಪಾಠ. ಗುಡುಗು, ಮಿಂಚು, ನಿಧಾನಗತಿಯಲ್ಲಿ ಹಾರುವ ಸೆರಗು, ನಾಯಕಿಯ ಕಣ್ಣು, ಆಮೇಲೆ ನಾಯಕನ ಬೂಟು. ಅರ್ಧ ಗಂಟೆಯ ಅವಧಿಯಲ್ಲಿ ಜಾಹೀರಾತು ಕಳೆದರೆ ಉಳಿಯುವುದು ಇಪ್ಪತ್ತು, ಇಪ್ಪತ್ತೆರಡು ನಿಮಿಷ. ಅಷ್ಟರಲ್ಲಿ ಮುಖ್ಯ ಮುಖಗಳನ್ನು ತೋರಿಸಿ ಮುಗಿಸುವ ಅವಸರ. ಆದರೆ ಅದ್ಭುತ ಕಥೆಗಳನ್ನು ನೂರಾರು ವರ್ಷ ಬಾಯಿಂದ ಬಾಯಿಗೆ ದಾಟಿಸಿದವರಿಗೆ ಈ ಅವಸರ ಇರಲಿಲ್ಲ. ಮೊದಲ ಕಂತಿನ ಭಾರವನ್ನು ಅವರು ನಾಯಕನ ಹೆಗಲ ಮೇಲೆ ಹೊರಿಸುತ್ತಲೇ ಇರಲಿಲ್ಲ. ಅದನ್ನು ಹೊತ್ತವರು ಬೇರೆ.

ಎರಡು ಕಥೆಗಳನ್ನು ಇಲ್ಲಿ ನೋಡಬಹುದು. ಒಂದು, ದೇಶವೆಲ್ಲ ನೋಡಿದ ಟಿ.ವಿ. ಧಾರಾವಾಹಿಯಾದದ್ದು. ಇನ್ನೊಂದು, ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಮಣ್ಣಿಗೆ ಅಂಟಿಕೊಂಡಿದ್ದು, ಧಾರಾವಾಹಿಯಾಗಲು ಎಲ್ಲ ಅರ್ಹತೆ ಇರುವಂಥದ್ದು.

ಮೊದಲನೆಯದು ‘ಅಲಿಫ್ ಲೈಲಾ’. ರಾಮಾನಂದ ಸಾಗರ್ ಅವರ ಸಾಗರ್ ಫಿಲ್ಮ್ಸ್ ಸಂಸ್ಥೆ ಇದನ್ನು ದೂರದರ್ಶನಕ್ಕಾಗಿ ತಯಾರಿಸಿತು, 1993ರಲ್ಲಿ ಪ್ರಸಾರ ಆರಂಭವಾಯಿತು. ಹಿಂದಿನ ಡಿಸೆಂಬರಿನಲ್ಲಿ ಬಾಬರಿ ಮಸೀದಿ ಉರುಳಿತ್ತು. ಸುದ್ದಿಯಲ್ಲಿ ಮುಸ್ಲಿಮ್ ಹೆಸರೊಂದು ಕೇಳಿಬಂದರೆ ಅದು ಸತ್ತವರ ಪಟ್ಟಿಯದೋ ಬಂಧಿತರ ಪಟ್ಟಿಯದೋ ಆಗಿರುತ್ತಿದ್ದ ದಿನಗಳು. ಅಂಥ ಹೊತ್ತಿನಲ್ಲಿ, ‘ರಾಮಾಯಣ’ವನ್ನು ಮನೆಮನೆಗೆ ತಲುಪಿಸಿದ ಅದೇ ನಿರ್ಮಾಪಕರ ಕೈಯಿಂದ, ಸಿಂದಬಾದ್, ಅಲಾದೀನ್, ಅಲಿಬಾಬಾ ಎಂಬ ಹೆಸರುಗಳು ಜಿನ್ನ್‌ಗಳ ಹೊಗೆಯೊಂದಿಗೆ ನಡುಮನೆಗೆ ಬಂದವು. ಆ ಕಾಲದ ತಂತ್ರಗಾರಿಕೆ ಇಂದು ನಗು ತರಿಸಬಹುದು. ಆದರೆ ಯಾರ ಮನೆಯ ಮಕ್ಕಳೂ ಆಗ ನಗಲಿಲ್ಲ.

ಆ ಧಾರಾವಾಹಿಯನ್ನು ನೋಡಿದವರನ್ನು ಇಂದು ಕೇಳಿ ನೋಡಿ. ಶಹರಜಾದ್ ನೆನಪಿದೆ, ಸುಲ್ತಾನ್ ಶಹರ್ಯಾರ್ ನೆನಪಿದ್ದಾನೆ, ಸಿಂದಬಾದ್ ಅಂತೂ ಇದ್ದೇ ಇದ್ದಾನೆ. ದುನ್ಯಾಜಾದ್? ಹೆಸರು ಕೇಳಿದವರೇ ಕಡಿಮೆ. ಆದರೆ ಅವಳಿಲ್ಲದೆ ಸಾವಿರದೊಂದು ರಾತ್ರಿಗಳಲ್ಲಿ ಮೊದಲ ರಾತ್ರಿಯೇ ದಾಟುವುದಿಲ್ಲ.

ಕಥೆ ಗೊತ್ತಿರುವುದೇ. ಹೆಂಡತಿಯ ದ್ರೋಹದಿಂದ ಕುದಿದ ಸುಲ್ತಾನ ದಿನಕ್ಕೊಬ್ಬಳನ್ನು ಮದುವೆಯಾಗಿ ಬೆಳಗಾದರೆ ಕೊಲ್ಲಿಸುತ್ತಾನೆ. ಊರಿನಲ್ಲಿ ಹೆಣ್ಣುಮಕ್ಕಳು ಮುಗಿಯುತ್ತಾ ಬಂದಾಗ ವಜೀರನ ಹಿರಿಮಗಳು ಶಹರಜಾದ್ ತಾನೇ ಹೋಗುತ್ತೇನೆ ಎನ್ನುತ್ತಾಳೆ. ಎತ್ತು ಕತ್ತೆಗಳ ಕಥೆ ಹೇಳಿ ಅಪ್ಪ ತಡೆಯಲು ನೋಡುತ್ತಾನೆ, ಆಗುವುದಿಲ್ಲ. ಹೊರಡುವ ಮೊದಲು ಅವಳು ಒಂದೇ ಒಂದು ಸಿದ್ಧತೆ ಮಾಡಿಕೊಳ್ಳುತ್ತಾಳೆ. ವಿಷದ ಬಾಟಲಿಯಲ್ಲ, ಕಠಾರಿಯಲ್ಲ. ತಂಗಿಯನ್ನು ಕರೆದು, ನಾನು ಹೇಳಿ ಕಳುಹಿಸುತ್ತೇನೆ, ಬಂದು ನನ್ನ ಬಳಿ ಕುಳಿತು ಒಂದು ಕಥೆ ಹೇಳೆಂದು ಕೇಳು ಎನ್ನುತ್ತಾಳೆ. ಅಷ್ಟೇ. ರಾತ್ರಿ, ಕೊನೆಯದಾಗಿ ತಂಗಿಯನ್ನು ನೋಡಬೇಕೆಂದು ಶಹರಜಾದ್ ಅಳುತ್ತಾಳೆ. ಸುಲ್ತಾನ ಒಪ್ಪುತ್ತಾನೆ. ತಂಗಿ ಬರುತ್ತಾಳೆ, ಕಥೆ ಕೇಳುತ್ತಾಳೆ.

ಇಲ್ಲಿ ಯಾರು ಯಾರಿಗೆ ಕಥೆ ಹೇಳುತ್ತಿದ್ದಾರೆ ಎಂಬುದನ್ನು ಗಮನಿಸಬೇಕು. ಶಹರಜಾದ್ ತಾನಾಗಿ ಸುಲ್ತಾನನಿಗೆ ಕಥೆ ಹೇಳಲು ಹೊರಟಿದ್ದರೆ ಅದು ಪ್ರಾಣಭಿಕ್ಷೆಯ ಉಪಾಯ ಎಂದು ಅವನಿಗೆ ಕ್ಷಣದಲ್ಲಿ ಹೊಳೆಯುತ್ತಿತ್ತು. ಕೊಲ್ಲುವ ಅಧಿಕಾರ ಇರುವವನು ಬೇಡಿಕೆಗಳನ್ನು ಬೇಗ ಗುರುತಿಸುತ್ತಾನೆ. ಆದರೆ ಇಲ್ಲಿ ಕಥೆ ಅಕ್ಕನಿಂದ ತಂಗಿಗೆ ಹೋಗುತ್ತಿದೆ. ಸುಲ್ತಾನ ಅದನ್ನು ಪಕ್ಕದಲ್ಲಿ ಮಲಗಿ ಕೇಳಿಸಿಕೊಳ್ಳುತ್ತಿರುವವನು, ಅಷ್ಟೇ. ಇಬ್ಬರು ಹೆಣ್ಣುಮಕ್ಕಳ ಮನೆಮಾತಿಗೆ ಕಿವಿ ಕೊಟ್ಟು ಸಿಕ್ಕಿಬಿದ್ದವನು. ಬೆಳಕು ಹರಿಯುವಾಗ ಕಥೆ ಅರ್ಧಕ್ಕೆ ನಿಲ್ಲುತ್ತದೆ. ಎಷ್ಟು ಚೆನ್ನಾಗಿದೆ ನಿನ್ನ ಕಥೆ ಎಂದು ತಂಗಿ ಹೇಳುತ್ತಾಳೆ. ಬದುಕಿದ್ದರೆ ನಾಳೆ ಇದಕ್ಕಿಂತ ಚೆನ್ನಾದದ್ದು ಹೇಳುತ್ತೇನೆ ಎಂದು ಅಕ್ಕ. ಧಾರಾವಾಹಿ ಎಂಬ ಪ್ರಕಾರದ ಇಡೀ ಗುಟ್ಟು ಈ ಎರಡು ಮಾತಿನಲ್ಲಿದೆ. ‘ಮುಂದೇನಾಯಿತು’ ಎಂದು ಕೇಳಿದ ಮೊದಲ ವೀಕ್ಷಕಿ ದುನ್ಯಾಜಾದ್. ಆ ಪ್ರಶ್ನೆಯನ್ನು ತನ್ನ ಸಂತೋಷಕ್ಕಾಗಿ ಕೇಳಿದವಳಲ್ಲ, ಅಕ್ಕನ ಕತ್ತು ಉಳಿಸಲು ಕೇಳಿದವಳು. ಅಕ್ಕ ಸೋತಿದ್ದರೆ ಊರಿನ ಉಳಿದ ಹುಡುಗಿಯರ ಸಾಲಿನಲ್ಲಿ ಅವಳೂ ನಿಲ್ಲಬೇಕಾಗಿತ್ತು.

ಹೀಗಿದ್ದರೂ ಸಿನಿಮಾ, ಟಿ.ವಿ., ಮಕ್ಕಳ ಪುಸ್ತಕಗಳ ಚಿತ್ರಗಳಲ್ಲಿ ನಮಗೆ ಹೆಚ್ಚಾಗಿ ಕಾಣುವುದು ಸುಲ್ತಾನ ಮತ್ತು ಸುಂದರಿ ಎದುರುಬದುರು ಕುಳಿತ ದೃಶ್ಯ. ಮೂರನೆಯವಳನ್ನು ಚೌಕಟ್ಟಿನಿಂದ ಹೊರಗಿಟ್ಟರೆ ಅದು ಗಂಡನನ್ನು ರಂಜಿಸುವ ಹೆಂಡತಿಯ ಕಥೆಯಾಗುತ್ತದೆ. ಒಳಗಿಟ್ಟರೆ ಇಬ್ಬರು ಹೆಂಗಸರು ಸೇರಿ ಒಬ್ಬ ಕೊಲೆಗಡುಕನ ಕೈ ಹಿಡಿದು ನಿಲ್ಲಿಸಿದ ಕಥೆಯಾಗುತ್ತದೆ. ಎರಡೂ ಒಂದೇ ಕಥೆಯಲ್ಲ.

ಮೊದಲ ರಾತ್ರಿ ಶುರುವಾಗುವ ಕಥೆಯೂ ಇದನ್ನೇ ಹೇಳುತ್ತದೆ. ಒಬ್ಬ ವ್ಯಾಪಾರಿ ಖರ್ಜೂರ ತಿಂದು ಬೀಜ ಎಸೆಯುತ್ತಾನೆ, ಅದು ಕಣ್ಣಿಗೆ ಕಾಣದ ಜಿನ್ನ್‌ನ ಮಗನಿಗೆ ತಾಗಿ ಮಗ ಸಾಯುತ್ತಾನೆ. ಜಿನ್ನ್ ವ್ಯಾಪಾರಿಯ ಪ್ರಾಣ ಕೇಳುತ್ತದೆ. ಅವನನ್ನು ಬಿಡಿಸುವವರು ದಾರಿಹೋಕರಾದ ಮೂವರು ಮುದುಕರು. ಅವನಿಗೂ ಅವರಿಗೂ ಸಂಬಂಧವಿಲ್ಲ. ಒಬ್ಬೊಬ್ಬರೂ ಒಂದೊಂದು ಕಥೆ ಹೇಳಿ ಅವನ ರಕ್ತದಲ್ಲಿ ಮೂರನೆಯ ಒಂದೊಂದು ಪಾಲನ್ನು ಬಿಡಿಸಿಕೊಳ್ಳುತ್ತಾರೆ. ಪೋಷಕ ಪಾತ್ರಗಳು ಪ್ರಾಣ ಉಳಿಸುವ ಕಥೆಯನ್ನು, ಒಬ್ಬ ಪೋಷಕ ಪಾತ್ರದ ಕೋರಿಕೆಯ ಮೇಲೆ, ಪ್ರಾಣ ಉಳಿಸಿಕೊಳ್ಳಲು ಹೇಳಲಾಗುತ್ತಿದೆ. ಇಷ್ಟು ಗಟ್ಟಿಯಾದ ಮೊದಲ ಕಂತನ್ನು ಆಮೇಲೆ ಬಂದವರು ಯಾರೂ ಕಟ್ಟಿಲ್ಲ.

ಈ ಗ್ರಂಥದ ಇದುವರೆಗೆ ಸಿಕ್ಕಿರುವ ಅತ್ಯಂತ ಹಳೆಯ ತುಣುಕನ್ನು ನಬಿಯಾ ಅಬಾಟ್ ಎಂಬ ವಿದುಷಿ 1949ರಲ್ಲಿ ಪ್ರಕಟಿಸಿದರು. ಒಂಬತ್ತನೆಯ ಶತಮಾನದ ಹರಿದ ಕಾಗದ. ಕ್ರಿ.ಶ. 879ರಲ್ಲಿ ಯಾರೋ ಅದರ ಖಾಲಿ ಜಾಗದಲ್ಲಿ ಕಾನೂನು ಪತ್ರದ ಒಕ್ಕಣೆಯನ್ನು ಗೀಚಿ ಅಭ್ಯಾಸ ಮಾಡಿದ್ದಾರೆ. ಗ್ರಂಥದ ಶೀರ್ಷಿಕೆ ಮತ್ತು ಕೆಲವೇ ಸಾಲುಗಳು ಅದರಲ್ಲಿ ಉಳಿದಿವೆ. ಆ ಸಾಲುಗಳಲ್ಲಿ ಜಿನ್ನ್ ಇಲ್ಲ, ಸುಲ್ತಾನನ ಅಬ್ಬರವೂ ಇಲ್ಲ. ದೀನಾಜಾದ್ ಎಂಬ ಹೆಸರಿನಲ್ಲಿ ಬರುವ ಇದೇ ಹೆಣ್ಣು, ನಿದ್ದೆ ಬರದಿದ್ದರೆ ಕಥೆ ಹೇಳು ಎಂದು ಶೀರಾಜಾದ್‌ಳನ್ನು ಕೇಳುತ್ತಿದ್ದಾಳೆ. ಸಾವಿರದ ನೂರು ವರ್ಷಗಳ ಹಿಂದಿನ ಕಾಗದದಲ್ಲಿ ನಮಗೆ ಕೇಳಿಸುವ ದನಿ ಪೋಷಕ ಪಾತ್ರದ್ದು.

ಇನ್ನೂ ಒಂದು ವಿಷಯವಿದೆ. ಅವಳು ಮೊದಲಿನಿಂದಲೂ ತಂಗಿಯೇ ಆಗಿದ್ದಳೆಂದು ಹೇಳುವಂತಿಲ್ಲ. ಹತ್ತನೆಯ ಶತಮಾನದ ಇಬ್ನುನ್ನದೀಮ್ ತನ್ನ ‘ಫಿಹ್ರಿಸ್ತ್’ನಲ್ಲಿ ‘ಹಜಾರ್ ಅಫ್ಸಾನ್’ ಎಂಬ ಪಾರಸಿ ಮೂಲವನ್ನು ಹೆಸರಿಸುವಾಗ ಅವಳನ್ನು ಅರಸನ ಮನೆವಾರ್ತೆ ನೋಡಿಕೊಳ್ಳುವ ಹೆಂಗಸು ಎನ್ನುತ್ತಾನೆ. ಅದೇ ಶತಮಾನದ ಇತಿಹಾಸಕಾರ ಅಲ್ ಮಸ್‌ಊದಿಯ ಗ್ರಂಥದ ಕೆಲವು ಹಸ್ತಪ್ರತಿಗಳಲ್ಲಿ ಅವಳು ವಜೀರನ ಮಗಳ ‘ದಾಯಾ’. ದಾಯಾ ಎಂದರೆ ಎದೆಹಾಲು ಕೊಟ್ಟು ಸಾಕಿದವಳು. ನಮ್ಮ ದಖ್ಖನಿ ಮನೆಗಳಲ್ಲಿ ಇಂದೂ ಬಳಕೆಯಲ್ಲಿರುವ ದಾಯಿ ಇವಳೇ. ಸಂಸ್ಕೃತದ ಧಾತ್ರಿಯೂ ಕನ್ನಡದ ದಾದಿಯೂ ಇದೇ ಬೇರಿನ ನೆಂಟರು. ಹಾಲೂಡಿಸು ಎಂಬುದು ಆ ಬೇರಿನ ಅರ್ಥ.

ಈ ದಾದಿಯ ಕೈ ಹಿಡಿದರೆ ನಾವು ಬಾಗ್ದಾದಿನಿಂದ ಸೊರಬಕ್ಕೆ ಬಂದು ನಿಲ್ಲುತ್ತೇವೆ.

ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಆನವಟ್ಟಿಗೆ ಹೋಗುವ ದಾರಿ ಒಂದು ಕಾಲಕ್ಕೆ ಬನವಾಸಿ ಹನ್ನೆರಡು ಸಾವಿರದ ನಡುಭಾಗವಾಗಿತ್ತು. ಆನವಟ್ಟಿಗೆ ಅಂಟಿಕೊಂಡಂತೆ ಕುಬಟೂರು ಇದೆ. ಕಲ್ಯಾಣ ಚಾಲುಕ್ಯರ ಕಾಲದ ಕೈಟಭೇಶ್ವರ ದೇವಾಲಯ ನೋಡಲು ಜನ ಅಲ್ಲಿಗೆ ಬರುತ್ತಾರೆ. ಚಂದ್ರಹಾಸ ಆಳಿದ ಕುಂತಳನಗರ ಇದೇ ಎಂಬುದು ಆ ಊರಿನ ಐತಿಹ್ಯ. ಮೈಸೂರು ಸಂಸ್ಥಾನದ ಗೆಜೆಟಿಯರ್ ಬರೆದ ಬಿ.ಎಲ್. ರೈಸ್ ಅವರೂ ಅದನ್ನು ದಾಖಲಿಸಿದ್ದಾರೆ. ಐತಿಹ್ಯ ಇತಿಹಾಸವಲ್ಲ, ಅದು ಬೇರೆ ಮಾತು. ಆದರೆ ಒಂದು ಊರು ಇಂಥ ಕಥೆ ನಮ್ಮದು ಎಂದು ಹೇಳಿಕೊಳ್ಳುವುದೂ ಒಂದು ಬಗೆಯ ವಿಮರ್ಶೆಯೇ.

ಚಂದ್ರಹಾಸನ ಕಥೆಯನ್ನು ಕನ್ನಡಿಗರ ಮನಸ್ಸಿನಲ್ಲಿ ನೆಲೆಗೊಳಿಸಿದವನು ದೇವನೂರಿನ ಲಕ್ಷ್ಮೀಶ. ಅವನ ‘ಜೈಮಿನಿ ಭಾರತ’ದ ವಾರ್ಧಕ ಷಟ್ಪದಿಗಳನ್ನು ಓದಲು ಬಾರದವರೂ ಬಾಯಿಪಾಠ ಹೇಳುತ್ತಿದ್ದ ಕಾಲವಿತ್ತು. ಯಕ್ಷಗಾನ, ಹರಿಕಥೆ, ಕಂಪನಿ ನಾಟಕಗಳು ಅದನ್ನು ಹಳ್ಳಿಹಳ್ಳಿಗೆ ಕೊಂಡೊಯ್ದವು. 1965ರಲ್ಲಿ ಬಿ.ಎಸ್. ರಂಗಾ ಅವರು ರಾಜಕುಮಾರ್ ಅವರನ್ನಿಟ್ಟುಕೊಂಡು ಸಿನಿಮಾ ಮಾಡಿದರು. ಕಥೆಯೆಂದರೆ ಎಲ್ಲರಿಗೂ ನೆನಪಾಗುವುದು ವಿಷಯೆ. ಪತ್ರ ತಂದವನಿಗೆ ವಿಷವನ್ನು ಕೊಡು ಎಂದು ದುಷ್ಟಬುದ್ಧಿ ಮಗ ಮದನನಿಗೆ ಬರೆದಿದ್ದಾನೆ. ಉದ್ಯಾನದಲ್ಲಿ ಮಲಗಿದ್ದ ಯುವಕನ ಬಳಿ ಅದನ್ನು ಓದಿದ ಮಗಳು ಕಣ್ಣಿನ ಕಾಡಿಗೆಯಿಂದ ಒಂದಕ್ಷರ ತಿದ್ದಿ ‘ವಿಷಯೆಯನ್ನು ಕೊಡು’ ಎಂದು ಮಾಡುತ್ತಾಳೆ. ಒಂದು ಅಕ್ಷರದಲ್ಲಿ ಸಾವು ಮದುವೆಯಾಗುತ್ತದೆ. ಇದಕ್ಕಿಂತ ಒಳ್ಳೆಯ ತಿರುವು ಯಾವ ಚಿತ್ರಕಥೆಗಾರನಿಗೂ ಸಿಗದು. ಆ ಮೆಚ್ಚುಗೆ ನ್ಯಾಯವಾದದ್ದೇ.

ಆದರೆ ಅದು ಮೊದಲ ಕಂತಲ್ಲ. ಉದ್ಯಾನದಲ್ಲಿ ನಿದ್ದೆ ಮಾಡಲು ಆ ಯುವಕ ಬದುಕಿ ಉಳಿದಿರಬೇಕಲ್ಲ?

ಮೊದಲ ಕಂತು ಕೇರಳದಲ್ಲಿ ನಡೆಯುತ್ತದೆ. ಅರಸನಿಗೆ ಮೂಲಾ ನಕ್ಷತ್ರದಲ್ಲಿ ಮಗ ಹುಟ್ಟುತ್ತಾನೆ. ಎಡಗಾಲಿನಲ್ಲಿ ಆರು ಬೆರಳು. ಹಗೆಗಳು ಮುತ್ತಿಗೆ ಹಾಕುತ್ತಾರೆ, ಅರಸ ಯುದ್ಧದಲ್ಲಿ ಮಡಿಯುತ್ತಾನೆ, ಅರಸಿ ಬೆಂಕಿಗೆ ಬೀಳುತ್ತಾಳೆ. ಕೂಸನ್ನು ಎತ್ತಿಕೊಂಡು ಹೊರಬೀಳುವವಳು ದಾದಿ. ಕೇರಳದಿಂದ ಕುಂತಳಕ್ಕೆ ಬರುತ್ತಾಳೆ. ಕಥೆ ಇದನ್ನು ಒಂದು ಉಸಿರಿನಲ್ಲಿ ಹೇಳಿಬಿಡುತ್ತದೆ. ಊರಿನ ಐತಿಹ್ಯವನ್ನು ನಂಬುವುದಾದರೆ ಆ ನಡಿಗೆಯನ್ನು ಒಮ್ಮೆ ಕಲ್ಪಿಸಿಕೊಳ್ಳಿ. ಘಟ್ಟ ಹತ್ತಬೇಕು. ಮಲೆನಾಡಿನ ಮಳೆ, ಜಿಗಣೆ, ಹೊಳೆಗಳು. ಕೂಸು ಅತ್ತರೆ ಅಪಾಯ, ಅಳದಿದ್ದರೆ ಇನ್ನೂ ಅಪಾಯ. ಮೂಲಾ ನಕ್ಷತ್ರದ, ಆರು ಬೆರಳಿನ, ತಂದೆತಾಯಿಯನ್ನು ತಿಂದುಕೊಂಡ ಕೂಸು ಎಂದು ದಾರಿಯಲ್ಲಿ ಯಾರಾದರೂ ಹೇಳಿಯೇ ಹೇಳಿರಬೇಕು. ಕುಂತಳನಗರ ತಲುಪಿದ ಮೇಲೆ ಅವಳು ಪರರ ಮನೆಯ ಊಳಿಗ ಮಾಡಿ ಮೂರು ವರ್ಷ ಅವನನ್ನು ಸಾಕುತ್ತಾಳೆ. ಆಮೇಲೆ ಸಾಯುತ್ತಾಳೆ. ಲಕ್ಷ್ಮೀಶ ಅವಳಿಗೆ ಹೆಸರಿಟ್ಟಿಲ್ಲ.

ಅವಳು ಮಾಡಿದ ಕೆಲಸದಲ್ಲಿ ಪವಾಡ ಎಂಬುದು ಒಂದಿಷ್ಟೂ ಇಲ್ಲ. ಮುಂದೆ ಚಂದ್ರಹಾಸನ ಬಾಯಿಗೆ ಸಾಲಿಗ್ರಾಮ ಬರುತ್ತದೆ, ಹರಿಯ ರಕ್ಷೆ ಬರುತ್ತದೆ, ಕೊನೆಗೆ ಕಾಳಿಯೇ ಪ್ರತ್ಯಕ್ಷಳಾಗುತ್ತಾಳೆ. ಆದರೆ ದಾದಿ ನಡೆಯುವಾಗ ಯಾವ ದೇವರೂ ತೇರು ಕಳುಹಿಸಲಿಲ್ಲ. ಅದ್ಭುತ ಕಥೆಗಳನ್ನು ಕಟ್ಟಿದವರಿಗೆ ಒಂದು ಸೂಕ್ಷ್ಮ ತಿಳಿದಿತ್ತು ಎಂದೇ ನನಗೆ ಅನಿಸುತ್ತದೆ. ಮುಂದೆ ಬರುವ ಪವಾಡಗಳನ್ನು ಕೇಳುಗ ನಂಬಬೇಕಾದರೆ ಮೊದಲ ಕಂತಿನಲ್ಲಿ ಒಬ್ಬರಾದರೂ ಪವಾಡದ ಸಹಾಯವಿಲ್ಲದೆ, ಬರೀ ಕಾಲು ಕೈಗಳಿಂದ, ತಮಗೆ ಲಾಭವಿಲ್ಲದ ಒಂದು ಕೆಲಸ ಮಾಡಬೇಕು. ಅಲಿಫ್ ಲೈಲಾದಲ್ಲಿ ಜಿನ್ನ್ ಬರುವ ಮೊದಲು ಒಬ್ಬ ಹುಡುಗಿ ನಿದ್ದೆಗೆಟ್ಟು ಕೂರುತ್ತಾಳೆ. ಜೈಮಿನಿಯಲ್ಲಿ ಕಾಳಿ ಬರುವ ಮೊದಲು ಒಬ್ಬ ಹೆಂಗಸು ನಡೆಯುತ್ತಾಳೆ. ಆ ಬುನಾದಿ ಇಲ್ಲದ ಕಡೆ ಪವಾಡ ಬರೀ ಪಟಾಕಿ. ನಮ್ಮ ಹಾವಿನ ಧಾರಾವಾಹಿಗಳು ಹತ್ತು ಕಂತು ದಾಟುವುದರೊಳಗೆ ಬೇಸರ ತರಿಸುವುದಕ್ಕೆ ಕಂಪ್ಯೂಟರ್ ತಂತ್ರಗಾರಿಕೆ ಸಾಲದು ಎಂಬುದು ಕಾರಣವಲ್ಲ.

ದಾದಿ ಸತ್ತ ಮೇಲೆ ಕೂಸು ಬೀದಿಗೆ ಬೀಳುತ್ತದೆ. ಊರಿನ ಹೆಂಗಸರು ಒಬ್ಬೊಬ್ಬರು ಒಂದೊಂದು ಹೊತ್ತು ಉಣಿಸುತ್ತಾರೆ, ಮೈ ತೊಳೆಯುತ್ತಾರೆ, ಬಟ್ಟೆ ಹಾಕುತ್ತಾರೆ. ದಾದಿಯ ಕೆಲಸವನ್ನು ಇಡೀ ಊರು ಹಂಚಿಕೊಂಡಂತೆ. ಈ ಮಗು ಮುಂದೆ ನಿನ್ನ ಸಂಪತ್ತಿಗೆ ಒಡೆಯನಾಗುತ್ತದೆ ಎಂದು ಔತಣಕ್ಕೆ ಬಂದ ಬ್ರಾಹ್ಮಣರು ಹೇಳಿದ ಮಾತಿಗೆ ಮಂತ್ರಿ ದುಷ್ಟಬುದ್ಧಿ ಬೆಚ್ಚಿ ಕಟುಕರನ್ನು ಕರೆಸುತ್ತಾನೆ. ಅವರು ಮಗುವನ್ನು ಕಾಡಿಗೆ ಒಯ್ಯುತ್ತಾರೆ. ಮುಖ ನೋಡುತ್ತಾರೆ. ಕತ್ತಿ ಏಳುವುದಿಲ್ಲ. ಕೊಂದದ್ದಕ್ಕೆ ಗುರುತು ಬೇಕಲ್ಲ, ಆರನೆಯ ಬೆರಳನ್ನು ಕತ್ತರಿಸಿ ಒಯ್ದು ತೋರಿಸುತ್ತಾರೆ. ಯಾವ ಬೆರಳನ್ನು ಜೋಯಿಸರು ದೋಷವೆಂದಿದ್ದರೋ ಅದು ಹೀಗೆ ಕಳಚುತ್ತದೆ. ಆಮೇಲೆ ಚಂದನಾವತಿಯ ಕುಳಿಂದ ಕಾಡಿನಲ್ಲಿ ಮಗುವನ್ನು ಕಂಡು ಮಗನಾಗಿ ಸಾಕಿಕೊಳ್ಳುತ್ತಾನೆ. ಮಂತ್ರಿ ಕುಲದವನ ಹೆಸರು ದುಷ್ಟಬುದ್ಧಿ, ಕರುಣೆ ಬಂದದ್ದು ಊರ ಹೊರಗಿನವರಿಗೆ. ಈ ಜೋಡಣೆ ಕಾಕತಾಳೀಯ ಎಂದು ನಾನು ನಂಬಲಾರೆ. ಬಾಯಿಂದ ಬಾಯಿಗೆ ಬಂದ ಕಥೆಗಳಲ್ಲಿ ಕೆಳಗಿನವರ ಬಾಯಿಯೂ ಇತ್ತು.

ಆಜ್ಞೆ ಹೊತ್ತು ಕಾಡಿಗೆ ಹೋಗಿ ಬೇರೆಯದನ್ನೇ ಹೊತ್ತು ಹಿಂದಿರುಗುವ ಇಂಥ ಸಣ್ಣ ಮನುಷ್ಯರು ಜಗತ್ತಿನ ದುಬಾರಿ ಧಾರಾವಾಹಿಯೊಂದರ ಮೊದಲ ಕಂತಿನಲ್ಲೂ ಇದ್ದಾರೆ. ಅಮೆರಿಕದ ‘ಗೇಮ್ ಆಫ್ ಥ್ರೋನ್ಸ್’ 2011ರ ಏಪ್ರಿಲ್‌ನಲ್ಲಿ ಶುರುವಾದಾಗ ಪರದೆಯ ಮೇಲೆ ಮೊದಲು ಬಂದವರು ರಾಜರಲ್ಲ, ಹಿಮದ ಗೋಡೆಯಾಚೆಗೆ ಹೋದ ಮೂವರು ಕಾವಲುಗಾರರು. ಇಬ್ಬರು ಸಾಯುತ್ತಾರೆ. ವಿಲ್ ಎಂಬವನು ಸತ್ತವರು ಎದ್ದು ನಡೆಯುವುದನ್ನು ಕಂಡು ದಕ್ಷಿಣಕ್ಕೆ ಓಡುತ್ತಾನೆ. ಸಿಕ್ಕಿಬಿದ್ದು, ತಾನು ಕಂಡದ್ದನ್ನು ಹೇಳುತ್ತಾನೆ. ನೆಡ್ ಸ್ಟಾರ್ಕ್ ಎಂಬ ನ್ಯಾಯವಂತ ಪ್ರಭು ಅದನ್ನು ಹುಚ್ಚನ ಮಾತೆಂದು ತಿಳಿದು, ಕಾವಲು ಬಿಟ್ಟೋಡಿದ ತಪ್ಪಿಗೆ ತನ್ನ ಕೈಯಾರೆ ತಲೆ ಕಡಿಯುತ್ತಾನೆ. ಎಂಟು ಋತುಗಳ ಕಾಲ, 2019ರವರೆಗೆ, ಆ ಧಾರಾವಾಹಿ ಸಾಗಿದ್ದು ಈ ಮನುಷ್ಯ ಹೇಳಿದ ಒಂದು ನಿಜದತ್ತ. ಮೂಲ ಕಾದಂಬರಿಯಲ್ಲಿ ತಲೆ ಕಳೆದುಕೊಳ್ಳುವವನು ಬೇರೆ ಕಾವಲುಗಾರ. ಟಿ.ವಿ.ಯವರು ಕಂಡವನೂ ಸಾಯುವವನೂ ಒಬ್ಬನೇ ಆಗುವಂತೆ ಬದಲಿಸಿದರು. ಸಣ್ಣ ಬದಲಾವಣೆ, ಆದರೆ ಅದರಿಂದ ಮೊದಲ ಕಂತಿಗೆ ಬೆನ್ನುಮೂಳೆ ಬಂತು. ಅಲ್ಲಿನ ಹಿಂಸೆ, ನಗ್ನತೆಯ ಬಗ್ಗೆ ನನಗೆ ತಕರಾರುಗಳಿವೆ. ಈ ಒಂದು ಪಾಠವನ್ನು ಮಾತ್ರ ನಮ್ಮವರು ಕಲಿಯಬಹುದು.

ಚಂದ್ರಹಾಸನ ಕಥೆಯನ್ನು ನಾಳೆ ಯಾವುದಾದರೂ ವಾಹಿನಿ ಕೈಗೆತ್ತಿಕೊಂಡರೆ ಏನಾಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಮುತ್ತಿಗೆ, ಬೆಂಕಿ, ಅರಸಿಯ ಆಭರಣ, ಇವುಗಳಿಗೆ ಹತ್ತು ನಿಮಿಷ. ದಾದಿ ಬುಟ್ಟಿಯೊಂದಿಗೆ ಕತ್ತಲಲ್ಲಿ ಓಡುವುದು ಹಾಡಿನ ಹಿನ್ನೆಲೆಯಲ್ಲಿ ಒಂದು ನಿಮಿಷ. ಅವಳ ಸಾವು ಮುದುಕಿಯೊಬ್ಬಳ ಕೆಮ್ಮು. ಮುಂದಿನ ದೃಶ್ಯದಲ್ಲಿ ಹುಡುಗ ಇಪ್ಪತ್ತು ವರ್ಷದ ತರುಣ, ಕುದುರೆಯ ಮೇಲೆ. ಮೂರು ವರ್ಷ ಪರರ ಮನೆಯಲ್ಲಿ ಮುಸುರೆ ತಿಕ್ಕಿ ರಾಜಕುಮಾರನನ್ನು ಸಾಕಿದ್ದು ಎಲ್ಲೂ ಕಾಣುವುದಿಲ್ಲ. ಆ ಮೂರು ವರ್ಷಗಳಲ್ಲೇ ನಿಜವಾದ ನಾಟಕ ಇದೆ. ಇವನು ಯಾರ ಮಗ ಎಂದು ಕೇಳಿದಾಗ ಅವಳು ಏನು ಹೇಳುತ್ತಿದ್ದಳು? ನನ್ನ ಮಗ ಎಂದರೆ ಅವನು ರಾಜನಾಗಲಾರ, ರಾಜನ ಮಗ ಎಂದರೆ ಬದುಕಲಾರ. ಹಗೆಯ ಗೂಢಚಾರರಿಗೆ ಹೆದರಿ ಆರನೆಯ ಬೆರಳನ್ನು ಬಟ್ಟೆಯಲ್ಲಿ ಸುತ್ತಿ ಮುಚ್ಚಿದ್ದಳೇ? ಇದಕ್ಕೆಲ್ಲ ಲಕ್ಷ್ಮೀಶ ಜಾಗ ಬಿಟ್ಟಿದ್ದಾನೆ. ತುಂಬುವುದು ಚಿತ್ರಕಥೆ ಬರೆಯುವವರ ಕೆಲಸ.

ಹಾಗೆ ತುಂಬಲು ಬೇಕಾದ ವಿವರ ಆ ನೆಲದಲ್ಲೇ ಬಿದ್ದಿದೆ. ಶಿರಾಳಕೊಪ್ಪದ ಪಕ್ಕದ ಬಳ್ಳಿಗಾವಿ, ಅಲ್ಲಮನ ಊರು, ಶಿಕಾರಿಪುರ ತಾಲೂಕಿಗೆ ಸೇರಿದ್ದು. ಅಲ್ಲಿನ ಕೇದಾರೇಶ್ವರದ ಕೋಡಿಯ ಮಠವನ್ನು ಕುರಿತ 1162ರ ಶಾಸನ ಪ್ರಸಿದ್ಧವಾದದ್ದು. ವೇದ, ವ್ಯಾಕರಣ, ದರ್ಶನ, ಕಾವ್ಯ, ನಾಟಕ ಕಲಿಸುವ ಜಾಗವೆಂದು ಮಠವನ್ನು ಹೊಗಳಿದ ಮೇಲೆ ಶಾಸನ ಅಲ್ಲಿ ಯಾರಿಗೆಲ್ಲ ಅನ್ನ ಸಿಗುತ್ತಿತ್ತೆಂದು ಪಟ್ಟಿ ಮಾಡುತ್ತದೆ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು. ಅದೇ ಉಸಿರಿನಲ್ಲಿ ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕೊಳಲೂದುವವರು, ಕುಣಿಯುವವರು. ರೋಗಿಗಳಿಗೆ ಔಷಧದ ಮಾತೂ ಇದೆ. ಅನಾಥನೂ ಕಥೆಗಾರನೂ ಒಂದೇ ಸಾಲಿನಲ್ಲಿ ಎಲೆ ಹಾಕಿಕೊಂಡು ಕುಳಿತ ಊರು ಅದು. ಅನಾಥ ಕೂಸಿನ ಕಥೆ ಅಂಥ ಕಡೆ ಹುಟ್ಟಿಯೋ ಬೆಳೆದೋ ಇದ್ದರೆ ಅಚ್ಚರಿಯೇನು? ಕುಬಟೂರಿನಲ್ಲಿಯೇ ಹನ್ನೊಂದನೆಯ ಶತಮಾನದಲ್ಲಿ ಬಸದಿಗೆ ದಾನ ಕೊಟ್ಟ ಕದಂಬ ರಾಣಿ ಮಾಳಲದೇವಿಯ ಹೆಸರು ಕಲ್ಲಿನಲ್ಲಿ ಉಳಿದಿದೆ. ಶಿಕಾರಿಪುರ, ಸೊರಬದ ಊರೂರುಗಳಲ್ಲಿ ಸಿಗುವ ವೀರಗಲ್ಲುಗಳಲ್ಲಿ ತುರು ಕಾಯಲು ಹೋಗಿ ಸತ್ತ ಸಾಮಾನ್ಯರ ಹೆಸರುಗಳಿವೆ. ಹೊಡೆದಾಡಿ ಸತ್ತವನಿಗೆ ಕಲ್ಲು ನಿಲ್ಲಿಸಿದರು. ಎತ್ತಿಕೊಂಡು ಓಡಿ ಬದುಕಿಸಿದವರಿಗೆ ಕಲ್ಲು ನಿಲ್ಲಿಸುವ ಪದ್ಧತಿ ಇರಲಿಲ್ಲ.

ಇದು ಹೀಗೇ ಇರಬೇಕೆಂದೇನೂ ಇಲ್ಲ. ಪ್ರವಾದಿ ಮುಹಮ್ಮದ್(ಸ)ರ ಚರಿತ್ರೆಯನ್ನು ಯಾವ ಭಾಷೆಯಲ್ಲಿ ಓದಿದರೂ ಮೊದಲ ಅಧ್ಯಾಯದಲ್ಲೇ ಬನೂ ಸಅದ್ ಕಬೀಲೆಯ ಹಲೀಮಾರ ಹೆಸರು ಬರುತ್ತದೆ. ಅದು ಕಲ್ಪಿತ ಕಥೆಯಲ್ಲ, ಆದ್ದರಿಂದ ಈ ಕಥೆಗಳ ಸಾಲಿಗೆ ಅದನ್ನು ಸೇರಿಸುತ್ತಿಲ್ಲ. ಹೇಳಬೇಕೆಂದಿರುವುದು ಇಷ್ಟೇ. ಹಾಲೂಡಿಸಿದವಳನ್ನು ಆ ಪರಂಪರೆ ಹೆಸರಿಟ್ಟು ನೆನೆಯಿತು, ಅಷ್ಟಕ್ಕೇ ಬಿಡದೆ ಕಾನೂನಿನಲ್ಲೂ ಸ್ಥಾನ ಕೊಟ್ಟಿತು. ಹಾಲು ಕೊಟ್ಟವಳು ತಾಯಿ, ಅವಳ ಮಕ್ಕಳು ಒಡಹುಟ್ಟಿದವರ ಸಮಾನ, ಅವರೊಡನೆ ವಿವಾಹ ನಿಷಿದ್ಧ. ಹಾಲಿನ ಸಂಬಂಧ ರಕ್ತದ ಸಂಬಂಧದ ಪಕ್ಕದಲ್ಲಿ ಬಂದು ಕುಳಿತುಕೊಳ್ಳುತ್ತದೆ. ಹೀಗೆ ಯೋಚಿಸಲು ಬರುವ ಸಮಾಜಕ್ಕೂ ತನ್ನ ಮನೆಯಲ್ಲಿ ಪಾತ್ರೆ ತೊಳೆದು, ಮಗುವನ್ನು ತೂಗುವ ಹುಡುಗಿಯ ಪೂರ್ತಿ ಹೆಸರು ಎಷ್ಟೋ ಸಲ ಗೊತ್ತಿರುವುದಿಲ್ಲ. ಇದು ಮುಸ್ಲಿಮರ ಮನೆಗೂ ಅನ್ವಯ, ಹಿಂದೂಗಳ ಮನೆಗ‍ೂ ಅನ್ವಯ. ಟಿ.ವಿ.ಯವರು ದಾದಿಗೆ ಒಂದು ನಿಮಿಷ ಕೊಡುವುದು ನಾವೂ ಅಷ್ಟೇ ಕೊಡುವುದರಿಂದ.

ಕಥೆಯ ಕೊನೆ ನೆನಪಿಸಿಕೊಳ್ಳಿ. ಅಳಿಯನನ್ನು ಕೊಲ್ಲಲು ದುಷ್ಟಬುದ್ಧಿ ಕಾಳಿಯ ಗುಡಿಯಲ್ಲಿ ಜನರನ್ನು ಅಡಗಿಸಿದ್ದಾನೆ. ಚಂದ್ರಹಾಸನ ಬದಲು ಅಲ್ಲಿಗೆ ಹೋದ ಮದನ ಸಾಯುತ್ತಾನೆ. ಮಗನ ಹೆಣ ಕಂಡು ದುಷ್ಟಬುದ್ಧಿಯೂ ಪ್ರಾಣ ಕಳೆದುಕೊಳ್ಳುತ್ತಾನೆ. ಆಗಲೇ ಕುಂತಳದ ಅರಸನಾಗಿರುವ ಚಂದ್ರಹಾಸ ಬಂದು ತನ್ನನ್ನೇ ಅರ್ಪಿಸಲು ಹೊರಟಾಗ ಕಾಳಿ ಪ್ರತ್ಯಕ್ಷಳಾಗಿ ವರ ಕೇಳು ಎನ್ನುತ್ತಾಳೆ. ಅವನು ಇಬ್ಬರ ಜೀವ ಕೇಳುತ್ತಾನೆ. ತನ್ನನ್ನು ಮತ್ತೆ ಮತ್ತೆ ಕೊಲ್ಲಿಸಲು ಹೊರಟವನ ಜೀವವನ್ನೂ ಕೇಳುತ್ತಾನೆ. ದೊಡ್ಡ ಮನಸ್ಸೇ, ಸಂಶಯವಿಲ್ಲ. ಇಬ್ಬರೂ ನಿದ್ದೆಯಿಂದೆದ್ದವರಂತೆ ಏಳುತ್ತಾರೆ.

ಸತ್ತವರನ್ನು ಎಬ್ಬಿಸುವ ವರ ಕೈಗೆ ಬಂದ ಆ ಹೊತ್ತಿನಲ್ಲಿ, ಅದೇ ಊರಿನ ಮಣ್ಣಿನಲ್ಲಿ ಇನ್ನೊಬ್ಬಳು ಮಲಗಿರುವುದು ಅವನಿಗೆ ನೆನಪಾಗಲಿಲ್ಲ. ಕವಿಗೂ ನೆನಪಾಗಲಿಲ್ಲ. ಈ ಕಥೆಯನ್ನು ಮುಂದೆ ಯಾರಾದರೂ ಧಾರಾವಾಹಿ ಮಾಡುವುದಾದರೆ ಮೊದಲ ಕಂತಿನಲ್ಲೇ ಅವಳಿಗೊಂದು ಹೆಸರಿಡಲಿ. ಆನವಟ್ಟಿಯ ಸಂತೆಯಲ್ಲಿ ಕೂಗಿದರೆ ನಾಲ್ಕು ಜನ ತಿರುಗಿ ನೋಡುವಂಥ, ದಿನಬಳಕೆಯ ಒಂದು ಹೆಸರು ಸಾಕು.